ಬೇಳೆ ತಿಂದರೂ ಇಂಗಾಲದ ಡೈಆಕ್ಸೈಡ್: ಒಂದು ತಪ್ಪು ಉತ್ತರದ ನಂತರದ ಪಾಠ

ಹತ್ತನೆಯ ತರಗತಿಗೆ ‘ಜೀವಕ್ರಿಯೆಗಳು’ ಘಟಕದ ಉಸಿರಾಟ ಬೋಧಿಸುತ್ತಿದ್ದೆ. ಗ್ಲೂಕೋಸ್, ಪೈರುವೇಟ್, ಇಂಗಾಲದ ಡೈಆಕ್ಸೈಡ್ ಎಂದು ಕಪ್ಪುಹಲಗೆಯಲ್ಲಿ ಬಾಣ ಎಳೆದಾಗ ವಿದ್ಯಾರ್ಥಿನಿಯೊಬ್ಬಳು, “ಮಿಸ್, ಬೇಳೆ ತಿಂದ್ರೂ ಇದು ಬರುತ್ತಾ?” ಎಂದಳು. ಪ್ರೋಟೀನು ಬೆಳವಣಿಗೆಗೆ ಮಾತ್ರ, ಅದರಿಂದ ಬರುವುದಿಲ್ಲ ಎಂದುಬಿಟ್ಟೆ. ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಪುಸ್ತಕದಲ್ಲಿ ಆ ಉತ್ತರವನ್ನು ಬರೆದು ಕೆಳಗೆ ಗೆರೆ ಎಳೆದಿದ್ದರು.

ಮರುದಿನ ನನ್ನ ತಪ್ಪನ್ನು ಹೇಳಿಯೇ ಪಾಠ ಆರಂಭಿಸಿದೆ. ಬೇಳೆಯಲ್ಲಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲವನ್ನು ಉದಾಹರಣೆಯಾಗಿ ಆರಿಸಿಕೊಂಡೆ. ನೆನೆಸಿದ ಬಟಾಣಿಯೇ ಇಂಗಾಲ, ಬೆಂಕಿಕಡ್ಡಿಯೇ ಬಂಧ. ಐದು ಕಾಳು ಸಾಲಾಗಿ, ಆಮ್ಲದ ತುದಿಯಿಂದ ನಾಲ್ಕನೆಯದಕ್ಕೆ ಕವಲಾಗಿ ಇನ್ನೊಂದು. ಎರಡನೆಯದಕ್ಕೆ ಅಮೈನೋ ಗುಂಪಿನ ಬದಲು ಹುಣಸೆಬೀಜ. ದೇಹದಲ್ಲಿ ಮೊದಲು ಆ ಬೀಜ ಕಳಚಿ, ಅಲ್ಲಿ ಆಕ್ಸಿಜನ್ ಕೂರುತ್ತದೆ. ಇದೇ ಕೀಟೋ ಆಮ್ಲ. ಇಂಗಾಲ ಇನ್ನೂ ಆರೇ. ಬಳಿಕ ಮೈಟೋಕಾಂಡ್ರಿಯದಲ್ಲಿ ‘ಕವಲು ಸರಪಳಿ ಕೀಟೋ ಆಮ್ಲ ಡಿಹೈಡ್ರೋಜಿನೇಸ್’ ಎಂಬ ಕಿಣ್ವ ಒಂದು ಇಂಗಾಲವನ್ನು ಡೈಆಕ್ಸೈಡ್ ಆಗಿ ಬಿಡಿಸುತ್ತದೆ. ಉಳಿದ ಐದನ್ನು ಸಹಕಿಣ್ವ ಎ ಹೊತ್ತುಕೊಳ್ಳುತ್ತದೆ. (ಹೆಸರನ್ನು ಬಾಯಿಪಾಠ ಮಾಡಿಸಲಿಲ್ಲ.)

“ಯಾವ ಕಾಳು ಕೀಳಬೇಕು?” ಎಂದು ಕೇಳಿದೆ. ಹೆಚ್ಚಿನ ಗುಂಪುಗಳು ಕವಲಿನ ಕಾಳನ್ನೇ ಕಿತ್ತವು! ತಪ್ಪು ಮಕ್ಕಳದಲ್ಲ. ಕಿಣ್ವದ ಹೆಸರನ್ನು ಮೊದಲೇ ಹೇಳಿದ್ದರಿಂದ ಎಲ್ಲರ ಕಣ್ಣು ಕವಲಿಗೆ ಹೋಗಿತ್ತು. ಬಿಡುವುದು ಆಮ್ಲದ ತುದಿಯ ಇಂಗಾಲ. ಕವಲು ಹಾಗೆಯೇ ಉಳಿಯುತ್ತದೆ. ಮುಂದಿನ ಸಲ ಆ ತುದಿಗೆ ಮೊದಲೇ ಕೆಂಪು ದಾರ ಕಟ್ಟಿ, ಹೆಸರನ್ನು ಕೊನೆಯಲ್ಲಿ ಹೇಳುತ್ತೇನೆ. ಪೈರುವೇಟ್ ಕೂಡ ಕೀಟೋ ಆಮ್ಲವೇ, ಅಲ್ಲಿಯೂ ಇಂಥದ್ದೇ ಕಿಣ್ವ ಮೂರು ಇಂಗಾಲವನ್ನು ಎರಡು ಮಾಡುತ್ತದೆ, ಎರಡಕ್ಕೂ ಬಿ1 ಜೀವಸತ್ವ ಬೇಕು ಎಂದಾಗ ಹಿಂದಿನ ದಿನದ ಬಾಣಗಳಿಗೆ ಕೊಂಡಿ ಸಿಕ್ಕಿತು.

ಈ ಕಿಣ್ವ ಹುಟ್ಟಿನಿಂದಲೇ ಕೆಲಸ ಮಾಡದಿದ್ದರೆ? ಲ್ಯೂಸಿನ್ ಮತ್ತು ಅದರ ಕೀಟೋ ಆಮ್ಲ ರಕ್ತದಲ್ಲಿ ಸೇರಿ ಶಿಶುವಿನ ಮಿದುಳಿಗೆ ಹಾನಿಯಾಗುತ್ತದೆ. ಮೂತ್ರಕ್ಕೆ ಸುಟ್ಟ ಸಕ್ಕರೆಯ ವಾಸನೆ. ಮೆಂಕಸ್ ಮತ್ತು ಸಂಗಡಿಗರು 1954ರಲ್ಲಿ ಇದನ್ನು ವರದಿ ಮಾಡಿದರು. ಮೇಪಲ್ ಮರದ ಪಾಕದ ಹೆಸರನ್ನೇ ರೋಗಕ್ಕೆ ಇಡಲಾಗಿದೆ. ವಾಸನೆ ಎಂದಾಗ ನಕ್ಕ ತರಗತಿ, ಶಿಶು ಎಂದಾಗ ಸುಮ್ಮನಾಯಿತು. “ಹಾಗಾದ್ರೆ ಆ ಮಗುಗೆ ಬೇಳೆ ಕೊಡೋದೇ ಬೇಡ್ವಾ?” ಎಂದನೊಬ್ಬ. ಲ್ಯೂಸಿನ್ ದೇಹದಲ್ಲಿ ತಯಾರಾಗುವುದಿಲ್ಲ, ಆದ್ದರಿಂದ ಪೂರ್ತಿ ನಿಲ್ಲಿಸುವಂತಿಲ್ಲ, ವೈದ್ಯರು ಅಳೆದು ಕೊಡಿಸುತ್ತಾರೆ ಎಂದೆ. ಈ ಸಲ ಉತ್ತರವನ್ನು ಓದಿಕೊಂಡು ಹೋಗಿದ್ದೆ.

ಮೌಲ್ಯಮಾಪನ ಪ್ರಶ್ನೆ: ಐದು ಇಂಗಾಲದ ವ್ಯಾಲಿನ್‌ಗೂ ಇದೇ ಕಿಣ್ವ, ಈ ಹಂತದ ನಂತರ ಎಷ್ಟು ಉಳಿಯುತ್ತವೆ? ಮೊದಲ ದಿನ ಬೇಳೆಯ ಬಗ್ಗೆ ಕೇಳಿದ್ದವಳು ‘ನಾಲ್ಕು’ ಎಂದು ಬರೆದು, ಬಿಟ್ಟ ಕಾಳಿನಿಂದ ಮೂಗಿನವರೆಗೆ ಬಾಣ ಎಳೆದಿದ್ದಳು.