ಗೇಟಿನ ಮೇಲಿನ ಬೋರ್ಡು

ಒಂದು ಶ್ರಾವಣದ ಭಾನುವಾರ ನಮ್ಮ ಮಕ್ಕಳಿಗೆ ಮೂರು ಹೊತ್ತೂ ಹೋಳಿಗೆ. ಬೆಳಿಗ್ಗೆ ಯಾರದೋ ಮೊಮ್ಮಗನ ಹುಟ್ಟುಹಬ್ಬ, ಮಧ್ಯಾಹ್ನ ಇನ್ಯಾರದೋ ತಂದೆಯ ವರ್ಷದ ತಿಥಿ, ಸಂಜೆ ಒಂದು ಸಂಘದ ವಾರ್ಷಿಕೋತ್ಸವ. ಮೂರು ಸಲವೂ ಮಕ್ಕಳು ಸಾಲಾಗಿ ನಿಂತು ಪ್ರಾರ್ಥನೆ ಹೇಳಿದರು, ಕೈಮುಗಿದರು, ಫೋಟೋಕ್ಕೆ ನಕ್ಕರು. ರಾತ್ರಿ ಅರ್ಧಕ್ಕರ್ಧ ಮಕ್ಕಳ ಹೊಟ್ಟೆ ಕೆಟ್ಟಿತು. ಸೋಮವಾರ ಡಬ್ಬಿ ತೆಗೆದರೆ ಸಾರಿಗೆ ಬೇಳೆಯಿಲ್ಲ.

ಮೇಷ್ಟರ ಕೆಲಸದಿಂದ ನಿವೃತ್ತನಾದ ಮೇಲೆ ದಾವಣಗೆರೆ ಸೀಮೆಯ ಒಂದು ಮಕ್ಕಳ ಮನೆಯಲ್ಲಿ ಒಂಬತ್ತು ವರ್ಷ ಸಂಜೆ ಪಾಠ ಹೇಳಿಕೊಟ್ಟೆ. ಕೊನೆಗೆ ಟ್ರಸ್ಟಿನ ಲೆಕ್ಕಪತ್ರವೂ ನನ್ನ ಕೊರಳಿಗೆ ಬಿತ್ತು. ಹೋಳಿಗೆ ಬೇಡ, ಬೇಳೆ ತನ್ನಿ ಎಂದು ದಾನಿಗಳಿಗೆ ಹೇಳುವ ಧೈರ್ಯ ಬರಲು ಎರಡು ವರ್ಷ ಬೇಕಾಯಿತು. ಫೋಟೋ ನಿಲ್ಲಿಸಲು ಅದಕ್ಕಿಂತ ಹೆಚ್ಚು. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಇಂಥ ಮಕ್ಕಳ ಗುರುತು ಬಯಲಾಗುವ ಚಿತ್ರ ಪ್ರಕಟಿಸುವುದನ್ನು ನಿಷೇಧಿಸಿದೆ. ಅದನ್ನು ತೋರಿಸಿದರೆ, "ನಮ್ಮ ಗ್ರೂಪಿನಲ್ಲಷ್ಟೇ ಹಾಕ್ತೀವಿ ಸರ್" ಎಂಬ ಉತ್ತರ.

ಇವೆಲ್ಲ ಚಿಲ್ಲರೆ ಪಾಠಗಳು. ದೊಡ್ಡ ಪಾಠ ಹೇಳಿದವಳು ಒಬ್ಬ ತಾಯಿ.

ಗಂಡ ತೀರಿಹೋದ ಮೇಲೆ ಮಗಳನ್ನು ನಮ್ಮಲ್ಲಿ ಬಿಟ್ಟು ಕಾಫಿ ತೋಟಕ್ಕೆ ಗುಳೆ ಹೋಗಿದ್ದಳು. ಯುಗಾದಿಗೆ ಬಂದಳು. ಚೀಲದಲ್ಲಿ ಮಂಡಕ್ಕಿ, ಒಂದು ಹೊಸ ಲಂಗ. ಗೇಟಿನ ಬಳಿ ಯಾರಿಂದಲೋ ಬೋರ್ಡು ಓದಿಸಿಕೊಂಡು ನನ್ನನ್ನು ಕೇಳಿದಳು: "ಅನಾಥ ಮಕ್ಕಳು ಅಂತ ಬರೆಸೀರಂತಲ್ಲ ಸಾರ್, ನಾನಿನ್ನೂ ಸತ್ತಿಲ್ಲಲ್ರೀ."

ಅವತ್ತು ರಾತ್ರಿ ದಾಖಲಾತಿ ಪುಸ್ತಕ ತೆಗೆದು ಕೂತೆ. ಅಪ್ಪ ಅಮ್ಮ ಇಬ್ಬರೂ ಇಲ್ಲದವರನ್ನು ಎಣಿಸಲು ಒಂದು ಕೈಯ ಬೆರಳು ಸಾಕಾದವು. ಉಳಿದವರಿಗೆಲ್ಲ ಎಲ್ಲೋ ಒಬ್ಬ ತಾಯಿ, ಅಜ್ಜಿ, ಸೋದರಮಾವ ಇದ್ದರು. ಇಲ್ಲದ್ದು ದುಡ್ಡು. ಬಾಡಿಗೆ, ಅಡುಗೆಯವರ ಸಂಬಳ, ಕರೆಂಟು ಎಲ್ಲ ಸೇರಿಸಿ ಮಗುವೊಂದಕ್ಕೆ ತಿಂಗಳಿಗೆ ನಮಗೆಷ್ಟು ತಗಲುತ್ತದೆ ಎಂದು ಲೆಕ್ಕ ಹಾಕಿದೆ. ಅದರ ಅರ್ಧ ಕೈಗೆ ಸಿಕ್ಕಿದ್ದರೂ ಆ ತಾಯಿ ಮಗಳನ್ನು ಬಿಡುತ್ತಿರಲಿಲ್ಲ. ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ದಾರಿಯಾಗಬೇಕು ಎಂದು ಅದೇ ಕಾಯ್ದೆ ಹೇಳುತ್ತದೆ. ನಾವು ಅದನ್ನೇ ಮೊದಲ ದಾರಿ ಮಾಡಿಕೊಂಡಿದ್ದೆವು. ಪುಣ್ಯದ ಕೆಲಸ ಎಂಬ ಹೆಮ್ಮೆ ಬೇರೆ.

ಸರ್ಕಾರದ ಮಿಷನ್ ವಾತ್ಸಲ್ಯದಲ್ಲಿ ಪ್ರಾಯೋಜಕತ್ವ ಅಂತ ಇದೆ. 2022ರ ಮಾರ್ಗಸೂಚಿಯ ಪ್ರಕಾರ ಇಂಥ ಮಗುವಿಗೆ ಮನೆಯಲ್ಲೇ ಇದ್ದು ಬೆಳೆಯಲು ತಿಂಗಳಿಗೆ 4,000 ರೂಪಾಯಿ. ಕುಟುಂಬದ ವರ್ಷದ ಆದಾಯ ಹಳ್ಳಿಯಲ್ಲಾದರೆ 72,000, ಪಟ್ಟಣದಲ್ಲಾದರೆ 96,000 ರೂಪಾಯಿ ದಾಟಿರಬಾರದು. ಕಾಗದದ ಮೇಲೆ ಸುಲಭ. ಗಂಡನ ಮರಣ ಪ್ರಮಾಣಪತ್ರವನ್ನೇ ಆಕೆ ಮಾಡಿಸಿರಲಿಲ್ಲ. ರೇಷನ್ ಕಾರ್ಡಿನಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು. ಏಳು ತಿಂಗಳು ಓಡಾಡಿದೆವು. ಮಗಳು ಮನೆಗೆ ಹೋದಳು.

"ಹೀಗೆ ಎಲ್ಲರನ್ನೂ ಕಳಿಸ್ತಾ ಹೋದ್ರೆ ದಾನಿಗಳಿಗೆ ಯಾರನ್ನ ತೋರಿಸೋದು ಮೇಷ್ಟ್ರೇ?" ಎಂದರು ಟ್ರಸ್ಟಿನ ಹಿರಿಯರೊಬ್ಬರು. ಕೆಟ್ಟವರೇನಲ್ಲ. ಕಟ್ಟಡದ ಬಾಡಿಗೆಯ ಚಿಂತೆ ಅವರದು.

ಮಕ್ಕಳನ್ನು ಮನೆಗೆ ಕಳಿಸುವ ಹುರುಪಿನಲ್ಲಿ ನಾನೂ ಎಡವಿದೆ. ಹುಡುಗನೊಬ್ಬನನ್ನು ಸೋದರಮಾವನ ಮನೆಗೆ ಕಳಿಸಬಹುದೆಂದು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ನಾನೇ ಒತ್ತಿ ಹೇಳಿದ್ದೆ. ಆಮೇಲೆ ಒಂದು ಸಲವೂ ಹೋಗಿ ನೋಡಲಿಲ್ಲ. ದಸರೆಯ ಹೊತ್ತಿಗೆ ಅವನು ಹೋಟೆಲೊಂದರಲ್ಲಿ ಲೋಟ ತೊಳೆಯುತ್ತಿದ್ದ. ವಾಪಸು ಕರೆತಂದ ದಿನ ಅವನು ನನ್ನ ಮುಖ ನೋಡಲಿಲ್ಲ. ಕುಡಿದು ಬಡಿಯುವ ಮನೆ, ಹದಿಮೂರಕ್ಕೇ ಮದುವೆಗೆ ಗಂಡು ನೋಡುವ ಮನೆ, ಇವೂ ಇವೆ. ಅಂಥವರಿಗೆ ನಮ್ಮ ಗೇಟು ತೆರೆದೇ ಇರಬೇಕು. ಯಾರು ಎಲ್ಲಿರಬೇಕು ಎಂಬುದು ಒಂದು ಭೇಟಿಯಲ್ಲಿ ತಿಳಿಯುವುದಿಲ್ಲ.

ಇನ್ನೊಂದು ಮಾತು. ನಮ್ಮಲ್ಲೇ ಬೆಳೆದ ಹುಡುಗಿಯೊಬ್ಬಳು ಹದಿನೆಂಟು ತುಂಬಿದ ಮೇಲೆ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದಳು. ಮೊದಲ ವಾರ ಫೋನು: "ಸರ್, ಇಬ್ಬರಿಗೆ ಅಕ್ಕಿ ಎಷ್ಟು ಹಾಕ್ಬೇಕು?" ಬಕೆಟ್ಟಿನಲ್ಲಿ ಅಕ್ಕಿ ತೊಳೆದು ಬೆಳೆದವಳು. ಪಾವಿನ ಲೆಕ್ಕ ಅವಳಿಗೆ ಯಾರೂ ಹೇಳಿರಲಿಲ್ಲ. ಹತ್ತನೇ ತರಗತಿಯ ಗಣಿತ ಮಾತ್ರ ಪೂರ್ತಿ ಹೇಳಿದ್ದೆ. ಇಪ್ಪತ್ತೊಂದರವರೆಗೆ ನಂತರದ ಆರೈಕೆಗೆ ಕಾಯ್ದೆಯಲ್ಲಿ ಅವಕಾಶವಿದೆ ಎಂಬುದು ನನಗೆ ಗೊತ್ತಾದದ್ದೂ ಆಮೇಲೆಯೇ. ಅಲ್ಲಿಂದಾಚೆ ದೊಡ್ಡ ಮಕ್ಕಳು ಶನಿವಾರ ಇಬ್ಬಿಬ್ಬರಾಗಿ ಸಂತೆಗೆ ಹೋಗಿ, ಚೌಕಾಸಿ ಮಾಡಿ, ತಂದು ತಮ್ಮಷ್ಟಕ್ಕೆ ಅಡುಗೆ ಮಾಡುತ್ತಾರೆ. ಸಾರು ಕೆಲವು ಸಲ ಉಪ್ಪು.

ನಿಮ್ಮ ಬೀದಿಯಲ್ಲೂ ಗಂಡನಿಲ್ಲದ ಹೆಣ್ಣುಮಗಳೊಬ್ಬಳು ಮಗುವನ್ನು ಎಲ್ಲಾದರೂ ಬಿಡುವ ಯೋಚನೆಯಲ್ಲಿದ್ದರೆ, ದಯವಿಟ್ಟು ನಮ್ಮಂಥವರ ವಿಳಾಸ ಕೊಡಬೇಡಿ. ಒಂದು ದಿನ ರಜೆ ಹಾಕಿ ಆಕೆಯ ಜೊತೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ. ಎಲ್ಲಿದೆ ಎಂದು ತಿಳಿಯದಿದ್ದರೆ 1098ಕ್ಕೆ ಕರೆ ಮಾಡಿ. ಅರ್ಜಿ ನೀವೇ ತುಂಬಿಕೊಡಿ. ಮರಣ ಪ್ರಮಾಣಪತ್ರದ ಎರಡು ನಕಲು ಇಟ್ಟುಕೊಂಡಿರಿ.