ನೆರವು ನಿಂತರೂ ನೆಲೆ ಉಳಿಯಬೇಕು



ಚಳಿಗಾಲ ಬಂತೆಂದರೆ ದಾವಣಗೆರೆ, ಹರಿಹರದಲ್ಲಿ ನಾವು ಟಿಬೆಟಿನವರ ಹತ್ತಿರ ಸ್ವೆಟರ್ ಕೊಳ್ಳುತ್ತೇವೆ. ಅವರ ಹಿರಿಯರು 1959ರಿಂದೀಚೆಗೆ ದೇಶ ಬಿಟ್ಟು ಬಂದ ನಿರಾಶ್ರಿತರು.

1960ರಲ್ಲಿ ಅಂದಿನ ಮೈಸೂರು ಸರ್ಕಾರ ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ಜಮೀನನ್ನು ಅವರಿಗೆ ಗುತ್ತಿಗೆಗೆ ಕೊಟ್ಟಿತು. 1966ರಲ್ಲಿ ಮುಂಡಗೋಡದಲ್ಲೂ ನೆಲೆ ಸಿಕ್ಕಿತು. ಶಾಲೆ, ಆಸ್ಪತ್ರೆಗೆ ಹೊರದೇಶದ ಸರ್ಕಾರಗಳ ಹಣವೂ ಬಂತು.

ಆದರೆ 2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವನ್ನು ತಡೆಹಿಡಿದಾಗ ಟಿಬೆಟಿನವರ ಕಾರ್ಯಕ್ರಮಗಳಿಗೂ ಪೆಟ್ಟು ಬಿತ್ತು. ಜುಲೈನಲ್ಲಿ ಒಂದಿಷ್ಟು ಮರಳಿ ಸಿಕ್ಕಿತು. ಉಳುವ ಭೂಮಿ ಮಾತ್ರ ಅವರ ಕೈ ಬಿಡಲಿಲ್ಲ. ನೆರವು ಕೊಡುವವರ ಮನಸ್ಸಿಗೆ ಬಿಟ್ಟದ್ದು, ಹಕ್ಕು ಹಾಗಲ್ಲ. ನಮ್ಮ ದೇಶದಲ್ಲಿ ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾನೂನು ಇನ್ನೂ ಇಲ್ಲ.

ಪವಿತ್ರ ಕುಟುಂಬವೂ ಹೆರೋದನಿಗೆ ಹೆದರಿ ಈಜಿಪ್ಟಿಗೆ ಹೋಗಿತ್ತಲ್ಲವೇ?

ಚರ್ಚಿಸೋಣ: ನಮ್ಮ ಓಣಿಗೆ ಊರು ಬಿಟ್ಟು ಬಂದವರಿಗೆ ನಾವು ಕೊಡುವುದು ಬರೀ ದಾನವೋ, ನೆಲೆಯೋ?