ಚೌಕಟ್ಟಿನ ಆಚೆ


*ದಿನಕ್ಕೊಂದು ಧಮ್ಮ ಚಿಂತನೆ*

ಮಂಡ್ಯ, ಮದ್ದೂರು, ಮಳವಳ್ಳಿಯ ಧಮ್ಮ ಬಂಧುಗಳೇ,

ಬಯಲಲ್ಲಿ ಕುಳಿತ ದೊಡ್ಡ ಕಂಚಿನ ಬುದ್ಧನ ಚಿತ್ರ ನಿಮ್ಮಲ್ಲಿ ಹಲವರ ಮನೆಯಲ್ಲಿರಬಹುದು, ನನ್ನ ಮನೆಯಲ್ಲೂ ಇದೆ. ಅದು ಜಪಾನಿನ ಕಾಮಾಕುರದ್ದು, 13ನೇ ಶತಮಾನದ ಮೂರ್ತಿ. ಅದನ್ನು ಲೋಕಕ್ಕೆ ಪರಿಚಯಿಸಿದ್ದರಲ್ಲಿ ಕ್ಯಾಮೆರಾದ ಪಾಲು ದೊಡ್ಡದು.

1863ರಲ್ಲಿ ಫೆಲಿಸ್ ಬಿಯಾಟೋ ಎಂಬ ಛಾಯಾಗ್ರಾಹಕ ಯೊಕೊಹಾಮಾ ಬಂದರಿಗೆ ಬಂದ. 1858ರಲ್ಲಿ ಲಖನೌದ ಪಾಳುಬಿದ್ದ ಕಟ್ಟಡಗಳ ಚಿತ್ರ ತೆಗೆದವನೂ ಇವನೇ. ಜಪಾನಿನ ಬೆಟ್ಟ, ದಾರಿ, ದೇಗುಲ, ಈ ಬುದ್ಧ, ಎಲ್ಲವನ್ನೂ ತೆಗೆದು, ಕೈಯಲ್ಲಿ ಬಣ್ಣ ತುಂಬಿಸಿ, ಆಲ್ಬಂ ಮಾಡಿ ವಿದೇಶಿಯರಿಗೆ ಮಾರಿದ. ಮುಂದೆ ಕುಸಕಾಬೆ ಕಿಂಬೆಯಂಥ ಜಪಾನೀಯರೂ ಅದೇ ಕಸುಬು ಹಿಡಿದರು. 1872ರಲ್ಲೇ ಅಲ್ಲಿ ರೈಲು ಓಡತೊಡಗಿತ್ತು. ಆದರೂ ಕೊಳ್ಳುವವರು ಕೇಳಿದ್ದು ಹಳೇ ಜಪಾನನ್ನು. ಅದಕ್ಕೇ ಸ್ಟುಡಿಯೋದಲ್ಲಿ ಜನರಿಗೆ ಹಳೇ ವೇಷ ತೊಡಿಸಿ ನಿಲ್ಲಿಸಿದರು. ಜಪಾನೆಂದರೆ ಇಷ್ಟೇ ಎಂದು ಹೊರಗಿನವರು ನಂಬಿದರು.

ಈಗ ನಮ್ಮ ಗಗನಚುಕ್ಕಿಗೆ ಬನ್ನಿ. ನಾನು ಮಳವಳ್ಳಿ ಕಡೆಯವನು. ಮಳೆಗಾಲ ಬಂದರೆ ನನ್ನ ಮೊಬೈಲಿಗೆ ಬರುವ ಚಿತ್ರಗಳಲ್ಲೆಲ್ಲ ಅದೇ ಬಿಳಿ ನೀರು, ಅದೇ ಹಸಿರು. ಪಕ್ಕದ ಬ್ಲಫ್‌ನಲ್ಲಿ ಅದೇ ಕಾವೇರಿ ನೀರಿನಿಂದ ತಯಾರಾದ ವಿದ್ಯುತ್ 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಗಣಿಯ ಆಳದಲ್ಲಿ ದುಡಿದವರು ಹೆಚ್ಚಾಗಿ ತಮಿಳು ಸೀಮೆಯಿಂದ ಬಂದ ನಮ್ಮ ದಲಿತ ಬಂಧುಗಳು. ಪಂಡಿತ ಅಯೋತಿದಾಸರ ಮಾತು ಕೇಳಿ ಅವರಲ್ಲಿ ಅನೇಕರು ಬುದ್ಧನ ಕಡೆ ತಿರುಗಿದರು. ಅದು ಬಾಬಾಸಾಹೇಬರ 1956ರ ದೀಕ್ಷೆಗೂ ದಶಕಗಳ ಮೊದಲು! ಜಲಪಾತದ ಯಾವ ಚಿತ್ರದಲ್ಲಿ ಅವರು ಕಾಣುತ್ತಾರೆ?

ಪಂಚಸ್ಕಂಧಗಳಲ್ಲಿ 'ಸಞ್ಞಾ' ಒಂದು. ಕಂಡದ್ದಕ್ಕೆ ಗುರುತು ಹಚ್ಚುವುದು ಅದರ ಕೆಲಸ. ಗುರುತು ಗಟ್ಟಿಯಾದ ಮೇಲೆ ಮನಸ್ಸು ಮತ್ತೆ ನೋಡುವ ಗೋಜಿಗೇ ಹೋಗುವುದಿಲ್ಲ. ನಮ್ಮ ಕೇರಿಯೆಂದರೆ ಹೀಗೆ, ಕೇರಿಯ ಜನವೆಂದರೆ ಹೀಗೆ ಎಂದು ಊರು ಗುರುತು ಹಚ್ಚಿದ್ದೂ ಒಳಗೆ ಬಂದು ನೋಡದೆಯೇ. ಹಾಗೆ ಹಚ್ಚಿಸಿಕೊಂಡ ನಾವು ಇನ್ನೊಬ್ಬರಿಗೆ ಹಚ್ಚಬಾರದು. ಸಮ್ಮಾದಿಟ್ಠಿ ಇಲ್ಲಿಂದಲೇ ಶುರು.

*ಇಂದಿನ ಅಭ್ಯಾಸ:* ಇವತ್ತು ಮೊಬೈಲಿಗೆ ಬರುವ ಒಂದು ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ತೆಗೆದವರು ಯಾರು? ಯಾರಿಗಾಗಿ? ಚೌಕಟ್ಟಿನ ಆಚೆ ಉಳಿದವರು ಯಾರು? ಮನೆಯ ಮಕ್ಕಳಿಗೂ ಕೇಳಿ. ಆಮೇಲೆ ಫಾರ್ವರ್ಡ್ ಮಾಡಿ.

ಭವತು ಸಬ್ಬ ಮಂಗಲಂ 🌼